ಕೈ ಎತ್ತುವ ಮುನ್ನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮುಖ್ಯಗುರುಗಳು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ, ಈ ಎಐ ಬಗ್ಗೆ ನಾಲ್ಕು ಮಾತು ಹೇಳ್ರಿ, ಮಕ್ಕಳಿಗೆ ಸ್ಫೂರ್ತಿ ಆಗ್ತೈತಿ" ಅಂದಿದ್ದರು. ನಾನು ಬಿಇ ಓದಿದವನು, ಹದಿಮೂರು ವರ್ಷದಿಂದ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಆ ಮಾತು ಹೇಳುವುದು ನನಗೆ ಸುಲಭ. ಊಟ ಆದ ಮೇಲೆ ಬೇವಿನ ಗಿಡದ ಕೆಳಗೆ ಕೂತಿರುತ್ತೇನೆ, ಯಾವ ಕೋರ್ಸು, ಯಾವ ಕಾಲೇಜು ಎಂದು ಯಾರು ಕೇಳಿದರೂ ಹೇಳುತ್ತೇನೆ. ಈ ಮೈಕಿನ ಮುಂದೆ ಮಾತ್ರ ಬೇರೆ ವಿಷಯ ಮಾತಾಡುತ್ತೇನೆ. ಗುರುಗಳು ಕ್ಷಮಿಸಬೇಕು.

ಈ ವಿಷಯ ನನಗೆ ಸಿಕ್ಕಿದ್ದು ನಮ್ಮ ಅಕ್ಕನ ಮಗಳಿಂದ. ಅವಳು ಪಿಯುಸಿ ಕಲಾ ವಿಭಾಗ. ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ಮಾಡಿ, "ಮಾಮಾ, ಸಮಾಜಶಾಸ್ತ್ರದಾಗ ಅನುಸರಣೆ ಅಂದ್ರ ಏನು? ವಿಚಲನೆ ಅಂದ್ರ ಏನು? ಪುಸ್ತಕದಾಗ ಐತಿ, ತಲಿಗೆ ಹೋಗವಲ್ದು" ಅಂದಳು. ನನಗೂ ಗೊತ್ತಿರಲಿಲ್ಲ. ವಿಜ್ಞಾನ ಓದಿದವರಿಗೆ ಕಲಾ ವಿಭಾಗದ ಪುಸ್ತಕ ಅಂದರೆ ಒಂದು ಸಸಾರ ಇರುತ್ತದಲ್ಲ, ನನಗೂ ಇತ್ತು. ಅವಳಿಗಾಗಿ ಪುಸ್ತಕ ಹಿಡಿದೆ. ಎರಡು ಅಧ್ಯಾಯ ಓದುವಷ್ಟರಲ್ಲಿ ಈ ಶಾಲೆಯ ಒಂಬತ್ತನೇ ತರಗತಿಯ ಕೋಣೆ ಕಣ್ಣ ಮುಂದೆ ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಆ ಪುಸ್ತಕದ ಮಾತು ಸರಳವಾಗಿ ಹೇಳುತ್ತೇನೆ. ಆಮೇಲೆ ಒಂಬತ್ತನೇ ತರಗತಿಗೆ ಬರುತ್ತೇನೆ.

ಮನುಷ್ಯ ಒಬ್ಬನೇ ಬದುಕುವುದಿಲ್ಲ, ಗುಂಪಿನಲ್ಲಿ ಬದುಕುತ್ತಾನೆ. ಮನೆ, ಓಣಿ, ಗೆಳೆಯರು ಇವು ಹತ್ತಿರದ ಗುಂಪು. ಅಮೆರಿಕದ ಚಾರ್ಲ್ಸ್ ಕೂಲಿ 1909ರಲ್ಲಿ ಇದಕ್ಕೆ ಪ್ರಾಥಮಿಕ ಸಮೂಹ ಎಂದು ಹೆಸರಿಟ್ಟರು. ಅದಕ್ಕೂ ಮುಂಚೆ, 1906ರಲ್ಲಿ, ವಿಲಿಯಂ ಸಮ್ನರ್ ಇನ್ನೊಂದು ಮಾತು ಹೇಳಿದ್ದರು. ಪ್ರತಿಯೊಬ್ಬನಿಗೂ 'ನಾವು' ಎನ್ನುವ ಒಳಗುಂಪು ಒಂದಿರುತ್ತದೆ, 'ಅವರು' ಎನ್ನುವ ಹೊರಗುಂಪು ಒಂದಿರುತ್ತದೆ. ಇದನ್ನು ತಿಳಿಯಲು ನಮಗೆ ಅಮೆರಿಕ ಬೇಕಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರನ್ನು ನಾವು ಇವತ್ತಿಗೂ 'ಕ್ಯಾಂಪಿನವರು' ಅನ್ನುತ್ತೇವೆ. ಮೊಮ್ಮಕ್ಕಳು ಇಲ್ಲೇ ಹುಟ್ಟಿ, ನಮ್ಮಂತೆಯೇ 'ಹೌದ್ರಿ' ಅಂದರೂ ಅವರು ಕ್ಯಾಂಪಿನವರೇ. ಸಿಂಧನೂರಿನ ಹತ್ತಿರ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಆರ್.ಎಚ್. ಕ್ಯಾಂಪುಗಳಿವೆ. ಅವರು ಇನ್ನೂ ಒಂದು ಮಾರು ದೂರ. ಊರೊಳಗೆ ಬಂದರೆ ಓಣಿಗೊಂದು ಹೆಸರು. ಕೇರಿ ಊರ ಹೊರಗೆ. ಅದು ಯಾಕೆ ಹೊರಗೆ ಎಂದು ಹತ್ತು ವರ್ಷದ ಹುಡುಗನಿಗೆ ಯಾರೂ ಪಾಠ ಮಾಡುವುದಿಲ್ಲ, ಆದರೂ ಅವನಿಗೆ ಗೊತ್ತಿರುತ್ತದೆ.

ನನಗೂ 'ಅವರು' ಆಗುವ ಅನುಭವ ಆಗಿದೆ. ಬೆಂಗಳೂರಿಗೆ ಹೋದ ಹೊಸದರಲ್ಲಿ ಪಿಜಿಯಲ್ಲಿ ನಾನು ಮಾತಾಡಿದರೆ ನಗುತ್ತಿದ್ದರು. 'ರೊಕ್ಕ' ಅಂದರೆ ನಗು, 'ಹಿಂಗ್ಯಾಕ' ಅಂದರೆ ನಗು. ಆರು ತಿಂಗಳಲ್ಲಿ ನಾನು 'ದುಡ್ಡು' ಅನ್ನಲು, 'ಹೌದು ಸಾರ್' ಅನ್ನಲು ಕಲಿತೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ನಕ್ಕರು, ಅಷ್ಟೇ. ಗುಂಪಿನ ಕೈಯಲ್ಲಿರುವ ಎಲ್ಲಕ್ಕಿಂತ ಸಣ್ಣ ಕೋಲು ನಗು. ಅದಕ್ಕೇ ನನ್ನ ನಾಲಿಗೆ ಬದಲಾಯಿತು. ಗುಂಪು ಹೇಗೆ ನಡೆಯುತ್ತದೋ ಹಾಗೆ ನಡೆಯುವುದು ಅನುಸರಣೆ. ಗುಂಪಿನ ರೂಢಿ ಬಿಟ್ಟು ನಡೆಯುವುದು ವಿಚಲನೆ. ಸರ್ಕಾರದ ಕಾನೂನು ಮುರಿಯುವುದು ಅಪರಾಧ.

ಅಕ್ಕನ ಮಗಳಿಗೆ ಗೊಂದಲ ಆಗಿದ್ದು ಇಲ್ಲೇ. "ಹಂಗಾದ್ರ ಅನುಸರಣೆ ಒಳ್ಳೇದು, ವಿಚಲನೆ ಕೆಟ್ಟದ್ದು, ಹೌದಲ್ಲ ಮಾಮಾ?" ಅಂದಳು. ಅಲ್ಲ. ರೂಢಿ ಬೇರೆ, ಕಾನೂನು ಬೇರೆ. ಎರಡನ್ನೂ ಎದುರುಬದುರು ಇಟ್ಟರೆ ನಾಲ್ಕು ಮನೆ ಬರುತ್ತವೆ.

ಮೊದಲ ಮನೆ, ಊರೂ ಒಪ್ಪುತ್ತದೆ, ಕಾನೂನೂ ಒಪ್ಪುತ್ತದೆ. ದುಡಿದು ತಿನ್ನುವುದು, ಮಕ್ಕಳನ್ನು ಓದಿಸುವುದು. ಎರಡನೆಯ ಮನೆ, ಎರಡೂ ಒಪ್ಪುವುದಿಲ್ಲ. ಕಳ್ಳತನ, ಕೊಲೆ. ಈ ಎರಡು ಮನೆಯಲ್ಲಿ ಗೊಂದಲವಿಲ್ಲ.

ಮೂರನೆಯ ಮನೆ, ಊರು ಒಪ್ಪುತ್ತದೆ, ಕಾನೂನು ಅಪರಾಧ ಅನ್ನುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆ. 1929ರ ಕಾಯ್ದೆಯಿಂದಲೂ ಬಾಲ್ಯವಿವಾಹ ಅಪರಾಧ, 2006ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಆದರೂ ಹಂದರ ಹಾಕುತ್ತೇವೆ, ಬುಂದಿ ತಿನ್ನುತ್ತೇವೆ, ಮುಯ್ಯಿ ಓದಿಸುತ್ತೇವೆ. ದೇವರ ಹೆಸರಲ್ಲಿ ಹೆಣ್ಣುಮಕ್ಕಳನ್ನು ಬಿಡುವುದು ನಮ್ಮ ರಾಜ್ಯದಲ್ಲಿ 1982ರ ಕಾಯ್ದೆಯಿಂದಲೂ ಅಪರಾಧ. ಹೋಟೆಲಿನಲ್ಲಿ ಬೇರೆ ಲೋಟ ಇಡುವುದು 1955ರ ಕಾಯ್ದೆಯಿಂದ ಅಪರಾಧ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಆದರೆ ಆ ಲೋಟ ಇಟ್ಟ ಮನುಷ್ಯನನ್ನು ನಮ್ಮೂರುಗಳಲ್ಲಿ ಯಾರಾದರೂ ಅಪರಾಧಿ ಅಂದಿದ್ದು ಕೇಳಿದ್ದೀರಾ?

ನಾಲೆಯ ನೀರನ್ನೇ ನೋಡಿ. ಎಡದಂಡೆ ನಾಲೆ ಸುಮಾರು 226 ಕಿಲೋಮೀಟರ್ ಉದ್ದ. ಮೇಲಿನವರು ನಾಲೆಗೆ ಪಂಪು ಇಟ್ಟು, ಪೈಪು ಹಾಕಿ ನೀರೆತ್ತಿದರೆ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತ ಒಣಗಿದ ಕಾಲುವೆ ನೋಡುತ್ತಾ ಕೂರುತ್ತಾನೆ. 1965ರ ನೀರಾವರಿ ಕಾಯ್ದೆ ಇದನ್ನು ಅಪರಾಧ ಅನ್ನುತ್ತದೆ. ಸಾಲದೆ 2024ರಲ್ಲಿ ತಿದ್ದುಪಡಿ ತಂದು ಬಿಗಿ ಮಾಡಿದರು. ಆದರೆ ಮೇಲಿನ ಹಳ್ಳಿಯಲ್ಲಿ ಎಲ್ಲರೂ ಎತ್ತುವಾಗ ಒಬ್ಬ ಎತ್ತದಿದ್ದರೆ ಅವನನ್ನು 'ಸಾಚಾ ಮನುಷ್ಯ' ಅನ್ನುವುದಿಲ್ಲ, 'ಮಳ್ಳ' ಅನ್ನುತ್ತಾರೆ. ಅಲ್ಲಿ ಕಾನೂನು ಪಾಲಿಸುವುದೇ ವಿಚಲನೆ! ಎಲ್ಲರೂ ಮಾಡುತ್ತಾರೆ ಅಂದ ಕೂಡಲೇ ಕಳವು ಎನ್ನುವ ಶಬ್ದ ಮಾಯವಾಗುತ್ತದೆ. ಕೊನೆ ಭಾಗದವನ ಹೊಲ ಮಾತ್ರ ಮಾಯವಾಗುವುದಿಲ್ಲ, ಬಾಯ್ಬಿಟ್ಟುಕೊಂಡು ಅಲ್ಲೇ ಇರುತ್ತದೆ.

ನಾಲ್ಕನೆಯ ಮನೆ, ಕಾನೂನು ಒಪ್ಪುತ್ತದೆ, ಊರು ಒಪ್ಪುವುದಿಲ್ಲ. ಬೇರೆ ಜಾತಿಯವರನ್ನು ಮದುವೆ ಆಗುವುದು. ಅದಕ್ಕೆ 1954ರಿಂದ ವಿಶೇಷ ವಿವಾಹ ಕಾಯ್ದೆಯೇ ಇದೆ. ಹುಡುಗಿ ಒಬ್ಬಳೇ ದೂರದ ಊರಿಗೆ ಓದಲು ಹೋಗುವುದು. ಗಂಡ ಸತ್ತವಳು ಕುಂಕುಮ ಇಟ್ಟುಕೊಳ್ಳುವುದು. ಇವು ಯಾವ ಪೊಲೀಸ್ ಠಾಣೆಯಲ್ಲೂ ತಪ್ಪಲ್ಲ, ಕಟ್ಟೆಯ ಮೇಲೆ ಮಾತ್ರ ತಪ್ಪು.

12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದ ಕಥೆ ನಮಗೆಲ್ಲ ಗೊತ್ತು. ಆ ಹಿರಿಯರಿಗೆ ಆದ ಶಿಕ್ಷೆಯೂ ಗೊತ್ತು. ಅಂದಿನ ಲೆಕ್ಕದಲ್ಲಿ ಬಸವಣ್ಣನವರ ಇಡೀ ಬಳಗವೇ ರೂಢಿ ಮುರಿದ ಬಳಗ. 2024ರಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಅಂದು ವಿಚಲನೆ, ಇಂದು ಗೋಡೆಯ ಮೇಲಿನ ಭಾವಚಿತ್ರ. ಸಮಾಜಶಾಸ್ತ್ರದ ಹಿರಿಯ, ಫ್ರಾನ್ಸಿನ ಎಮಿಲ್ ಡರ್ಕೈಮ್ 1895ರಲ್ಲೇ ಈ ಮಾತು ಬರೆದಿದ್ದರು. ಅಪರಾಧವಿಲ್ಲದ ಸಮಾಜ ಎಲ್ಲೂ ಇಲ್ಲ. ಕೆಲವೊಮ್ಮೆ ಇಂದಿನ ಅಪರಾಧಿ ನಾಳಿನ ನೀತಿಯನ್ನು ಮೊದಲೇ ಬದುಕಿ ತೋರಿಸುತ್ತಾನೆ. ಆದರೆ ಮಕ್ಕಳೇ, ಇದನ್ನು ಕೇಳಿ ನಾಳೆ ಹೋಮ್‌ವರ್ಕ್ ಬಿಟ್ಟು ಬಂದು 'ನಾನೂ ಬಸವಣ್ಣ' ಅನ್ನಬೇಡಿ. ರೂಢಿ ಮುರಿದವರೆಲ್ಲ ದೊಡ್ಡವರಲ್ಲ. ಯಾರಿಗೆ ನೋವಾಯಿತು, ಯಾರ ನೋವು ಕಡಿಮೆ ಆಯಿತು ಎಂದು ಕೇಳಬೇಕು.

ರಾಬರ್ಟ್ ಮರ್ಟನ್ ಎಂಬುವರು 1938ರಲ್ಲಿ ಹೇಳಿದ್ದು ಇವತ್ತಿನ ನಿಮ್ಮ ವಯಸ್ಸಿಗೆ ಸರಿಯಾಗಿ ಹೊಂದುತ್ತದೆ. ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತದೆ, ರೊಕ್ಕ ಗಳಿಸು, ಬೈಕ್ ತಗೋ, ದೊಡ್ಡವನಾಗು ಎಂದು. ಆದರೆ ಅಲ್ಲಿಗೆ ಹೋಗುವ ನೇರ ದಾರಿ ಎಲ್ಲರಿಗೂ ತೆರೆದಿರುವುದಿಲ್ಲ. ಆಗ ಕೆಲವರು ಗುರಿ ಹಿಡಿದು ದಾರಿ ಬಿಡುತ್ತಾರೆ. ಐಪಿಎಲ್ ಬೆಟ್ಟಿಂಗ್ ಇದೇ. ಇನ್ನೊಂದು ಇದೆ. ಯಾರೋ ಬಂದು, "ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಅನ್ನುತ್ತಾರೆ. ಗೆಳೆಯನೂ ಕೊಟ್ಟಿರುತ್ತಾನೆ. ನೀವೂ ಕೊಡುತ್ತೀರಿ. ಎಲ್ಲೋ ಒಬ್ಬ ಮುದುಕಿಯ ಪಿಂಚಣಿಯನ್ನು ಮೋಸದಿಂದ ಎಳೆದ ಕಳ್ಳ ಆ ಹಣವನ್ನು ನಿಮ್ಮ ಖಾತೆಯ ಮೂಲಕ ದಾಟಿಸುತ್ತಾನೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯಲ್ಲಿ ಹೆಸರಿರುವವನ ಮನೆಗೆ. ನನ್ನ ಕೆಲಸಕ್ಕೆ ಸಂಬಂಧಿಸಿದ ಬುದ್ಧಿಮಾತು ಇವತ್ತು ಇದೊಂದೇ. ಖಾತೆಯನ್ನು ಯಾರಿಗೂ ಬಾಡಿಗೆ ಕೊಡಬೇಡಿ. ಯಾರಿಗಾದರೂ ಮೋಸ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ಒಂಬತ್ತನೇ ತರಗತಿಗೆ ಬರುತ್ತೇನೆ.

2003ರ ಡಿಸೆಂಬರ್. ಹಂಪಿ ಮತ್ತು ಟಿ.ಬಿ. ಡ್ಯಾಮಿಗೆ ಪ್ರವಾಸ ಗೊತ್ತಾಗಿತ್ತು. ತಲೆಗೆ 150 ರೂಪಾಯಿ. ನಾನು ಮಾನಿಟರ್. ರೊಕ್ಕ ಕೂಡಿಸುವುದು, ಹೆಸರು ಬರೆಯುವುದು ನನ್ನ ಕೆಲಸ. ಒಂದು ಕಂಪಾಸ್ ಬಾಕ್ಸಿನಲ್ಲಿ ಇಟ್ಟಿದ್ದೆ. ಒಂದು ಮಧ್ಯಾಹ್ನ ಎಣಿಸಿದಾಗ 600 ರೂಪಾಯಿ ಕಡಿಮೆ. ಕೂಲಿಗೆ ಹೋದವರು ಎಷ್ಟು ದಿನ ದುಡಿದರೆ 600 ಆಗುತ್ತಿತ್ತು ಎಂದು ಹಿರಿಯರಿಗೆ ಗೊತ್ತು. ನನಗೆ ಕೈಕಾಲು ನಡುಗಿದವು.

ಗುರುಗಳಿಗೆ ಹೇಳಲಿಲ್ಲ. ನಾವೇ, ಹುಡುಗರೇ, ಬಾಗಿಲು ಮುಂದೆ ಮಾಡಿ ಪಂಚಾಯಿತಿ ಕೂಡಿಸಿದೆವು. ಆಟದ ಪಿರಿಯಡ್ಡಿನಲ್ಲಿ ಕೋಣೆಯಲ್ಲಿ ಯಾರಿದ್ದರು? ಕೊನೆಯ ಬೆಂಚಿನ ಒಬ್ಬ ಹುಡುಗ ಇದ್ದ. ಕೇರಿಯ ಹುಡುಗ. ಅವನ ಹತ್ತಿರ ಆ ವಿಷಯದ ಪುಸ್ತಕ ಇರಲಿಲ್ಲ, ಎಲ್ಲರೂ ಆಡಲು ಹೋದಾಗ ಗೆಳೆಯನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದ. ಯಾರೋ ಒಬ್ಬ ಅವನ ಹೆಸರು ಹೇಳಿದ. ಇನ್ನೊಬ್ಬ, "ಹೌದು, ಅವನ" ಅಂದ. ಮೂರನೆಯವನು, "ಅವನೇ ಅನ್ನೋರು ಕೈ ಎತ್ತ್ರಿ" ಅಂದ.

ಕೈಗಳು ಎದ್ದವು. ನನ್ನ ಕೈಯೂ ಎದ್ದಿತು. ನಾನು ಏನನ್ನೂ ನೋಡಿರಲಿಲ್ಲ. ಪೆಟ್ಟಿಗೆಯನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ ಎನ್ನುವುದು ಮಾತ್ರ ನನಗೆ ಗೊತ್ತಿತ್ತು. ಅವನ ಮೇಲೆ ಹೋದರೆ ನನ್ನ ಮೇಲೆ ಬರುವುದಿಲ್ಲ ಎನ್ನುವುದೂ ಗೊತ್ತಿತ್ತು.

ಮುಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಲಿಲ್ಲ. "ನೀ ಯಾಕ ಎತ್ತಿಲ್ಲ?" ಅಂತ ಕೇಳಿದರು. "ನಾ ನೋಡಿಲ್ಲಲ್ಲ, ಹೆಂಗ ಎತ್ಲಿ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹುಡುಗ ಏನೂ ಮಾತಾಡದೆ ಪಾಟಿಚೀಲ ತಗೊಂಡು ಹೋದ.

ಮೂರು ದಿನ ಆದ ಮೇಲೆ ಮನೆಯಲ್ಲಿ ಗಣಿತದ ನೋಟ್‌ಬುಕ್ಕಿನ ಖಾಕಿ ರಟ್ಟು ಹರಿದಿತ್ತೆಂದು ಬಿಚ್ಚಿದೆ. ಒಳಗೆ ಆರು ನೂರರ ನೋಟು. ಬಾಕ್ಸಿನಲ್ಲಿ ಹಿಡಿಯುವುದಿಲ್ಲ ಎಂದು ನಾನೇ ಜೋಪಾನವಾಗಿ ಇಟ್ಟು ಮರೆತಿದ್ದೆ.

ಮರುದಿನ ನಾನು ಏನು ಮಾಡಿದೆ? ಎದ್ದುನಿಂತು ಹೇಳಲಿಲ್ಲ. "ಡೆಸ್ಕಿನ ಸಂದಿಯಾಗ ಸಿಕ್ಕಾವು" ಅಂದೆ. ನಾನು ಎಣಿಸಿದ್ದು ಹೀಗಿತ್ತು, ರೊಕ್ಕ ಸಿಕ್ಕಿತಲ್ಲ, ಅವನ ಮೇಲಿನ ಮಾತೂ ಹೋಗುತ್ತದೆ. ಆದದ್ದು ತಿರುಗಾಮುರುಗಾ. "ಅಂಜಿ ತಂದಿಟ್ಟಾನ ನೋಡು" ಅಂದರು. ಸುಮ್ಮನೆ ಅನುಮಾನ ಇದ್ದದ್ದು ನನ್ನ ಸುಳ್ಳಿನಿಂದ ಗಟ್ಟಿಯಾಯಿತು. ಅವನಿಗೆ 'ಆರ್ನೂರು' ಎಂದು ಅಡ್ಡಹೆಸರು ಬಿತ್ತು. ಅವನು ಪ್ರವಾಸಕ್ಕೆ ಬರಲಿಲ್ಲ. ಶಾಲೆಗೂ ಬರುವುದು ಬಿಟ್ಟಿದ್ದ. ವಾರದ ಮೇಲೆ ನಮ್ಮ ಪಿಇ ಮಾಸ್ತರರು ಸೈಕಲ್ ತುಳಿದುಕೊಂಡು ಕೇರಿಗೆ ಹೋಗಿ, ಅವನ ಅವ್ವನ ಹತ್ತಿರ ಮಾತಾಡಿ ಕರೆತಂದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ 'ಆರ್ನೂರು' ಎನ್ನುವುದು ನಿಲ್ಲಲಿಲ್ಲ. ಆ ನೋಟುಗಳ ನಿಜ ನನ್ನೊಬ್ಬನಿಗೇ ಗೊತ್ತಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬಾಯಿ ಬಿಡಲಿಲ್ಲ.

ಪುಸ್ತಕ ಓದಿದಾಗ ನನ್ನ ತಪ್ಪಿಗೆ ಅದರಲ್ಲಿ ಹೆಸರುಗಳು ಸಿಕ್ಕವು. ಕ್ಷಮೆ ಸಿಗಲಿಲ್ಲ.

1951ರಲ್ಲಿ ಸಾಲಮನ್ ಆ್ಯಶ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಯಲ್ಲಿ ಯಾವುದು ಅದರಷ್ಟೇ ಉದ್ದ ಎಂದು ಕೇಳುವುದು. ಮೂರನೇ ತರಗತಿಯ ಮಗುವೂ ಹೇಳುತ್ತದೆ. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡವರು. ಅವರೆಲ್ಲ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಪಾಪ, ಕೊನೆಯಲ್ಲಿ ಕೂತವನು ಕಣ್ಣಿಗೆ ಕಂಡದ್ದನ್ನು ಹೇಳಬೇಕೋ, ಮಂದಿ ಹೇಳಿದ್ದನ್ನೋ? ಅಂಥ ಸರದಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಉತ್ತರಗಳು ಮಂದಿಯ ಕಡೆ ಹೋದವು. ನಾಲ್ವರಲ್ಲಿ ಮೂವರು ಒಂದು ಸಲವಾದರೂ ಮಂದಿಗೆ ಬಾಗಿದರು. ಗೆರೆಯ ವಿಷಯದಲ್ಲಿ ಯಾವ ಲಾಭವೂ ಇಲ್ಲ, ಯಾವ ಹೆದರಿಕೆಯೂ ಇಲ್ಲ. ಆದರೂ ಬಾಗಿದರು.

ಆ ಪ್ರಯೋಗದ ಇನ್ನೊಂದು ಭಾಗ ನನಗೆ ಬಹಳ ಮುಖ್ಯ ಅನಿಸಿತು. ಕೋಣೆಯಲ್ಲಿ ಇನ್ನೊಬ್ಬನು, ಒಬ್ಬನೇ ಒಬ್ಬನು, ಸರಿ ಉತ್ತರ ಹೇಳಿದರೆ ಈ ಬಾಗುವುದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತಿತ್ತು. ಎಲ್ಲರನ್ನೂ ಬದಲಾಯಿಸಬೇಕಿಲ್ಲ, ಒಬ್ಬರು ಸಾಕು. ನಮ್ಮ ತರಗತಿಯಲ್ಲಿ ಆ ಒಬ್ಬರು ಇದ್ದರು. ಆ ಹುಡುಗಿ ಇದ್ದಳು. ನನಗೆ ಜೊತೆ ಸಿಕ್ಕಿತ್ತು, ನಾನು ಜೊತೆಗೆ ಹೋಗಲಿಲ್ಲ. ಅದಕ್ಕೇ 'ಎಲ್ಲರೂ ಮಾಡಿದರು, ನಾನೂ ಮಾಡಿದೆ' ಎಂದು ಹೇಳಿಕೊಳ್ಳುವ ದಾರಿ ನನಗೆ ಇಲ್ಲ.

ಇನ್ನು ಅಡ್ಡಹೆಸರು. ಹೊವರ್ಡ್ ಬೆಕರ್ ಎಂಬ ಸಮಾಜಶಾಸ್ತ್ರಜ್ಞ 1963ರ ತಮ್ಮ ಪುಸ್ತಕದಲ್ಲಿ, ತಪ್ಪು ಮಾಡಿದವನಿಗಿಂತ ತಪ್ಪಿತಸ್ಥ ಎಂದು ಹಣೆಗೆ ಅಂಟಿಸಿಕೊಂಡವನೇ ಹೊರಗಿನವನಾಗುತ್ತಾನೆ ಎಂಬ ವಿಚಾರ ಬರೆದರು. ಇದು ಒಬ್ಬ ಹುಡುಗನಿಗಷ್ಟೇ ಆಗುವುದಿಲ್ಲ, ಇಡೀ ಜನಕ್ಕೆ ಆಗಿದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೆಲವು ಜಾತಿಗಳಲ್ಲಿ ಹುಟ್ಟಿದ ಮಗು ಹುಟ್ಟುತ್ತಲೇ ಅಪರಾಧಿಗಳ ಪಟ್ಟಿಯ ಕುಲಕ್ಕೆ ಸೇರಿದಂತೆ. ಕೊರಚರಂಥ ಅಲೆಮಾರಿ ಜನ ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಊರು ಬಿಡಲು ಪರವಾನಗಿ ಬೇಕು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ 'ಸೆಟ್ಲಮೆಂಟ್' ಅನ್ನುತ್ತಾರೆ. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಊರಲ್ಲಿ ಕಳವಾದರೆ ಮೊದಲು ಅಲೆಮಾರಿಗಳ ಜೋಪಡಿ ಕಡೆ ನೋಡುವ ನಮ್ಮ ಕಣ್ಣು ರದ್ದಾಗಿದೆಯೇ? ನಮ್ಮ ತರಗತಿಯಲ್ಲಿ ಎದ್ದ ಕೈಗಳು ಆ ಕಣ್ಣಿನ ಮಕ್ಕಳು. ಅವನು ಒಳಗೆ ಇದ್ದ ಎಂದಷ್ಟೇ ಕೈ ಎತ್ತಲಿಲ್ಲ, ಕೇರಿಯವನು ಎಂದೂ ಎತ್ತಿದೆವು. ಅವನ ಜಾಗದಲ್ಲಿ ಗೌಡರ ಮಗ ಇದ್ದಿದ್ದರೆ 'ಇನ್ನೊಂದ್ಸಲ ಎಣಿಸು' ಅನ್ನುತ್ತಿದ್ದರು.

ಮಕ್ಕಳ ಪಂಚಾಯಿತಿ ದೊಡ್ಡದಾದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಒಂದು ದಲಿತ ಕುಟುಂಬದ ಎರಡು ವರ್ಷದ ಮಗು ಗುಡಿಯೊಳಗೆ ಓಡಿತು. ಗುಡಿ ಮೈಲಿಗೆ ಆಯಿತು, ಶುದ್ಧಿಗೆ 25 ಸಾವಿರ ಕೊಡಬೇಕು ಎಂದು ಊರಿನ ಕೆಲವರು ತೀರ್ಮಾನ ಮಾಡಿದರು. ಪೊಲೀಸರು ಐವರನ್ನು ಬಂಧಿಸಿದರು. ರೂಢಿಯ ಲೆಕ್ಕದಲ್ಲಿ ಮಗು ತಪ್ಪಿತಸ್ಥ, ಕಾನೂನಿನ ಲೆಕ್ಕದಲ್ಲಿ ದಂಡ ಕೇಳಿದವರು ತಪ್ಪಿತಸ್ಥರು. ನಾನು ಹೇಳಿದ ಮೂರನೇ ಮನೆ ಇದೇ.

ಅದಕ್ಕೂ ಘೋರವಾದದ್ದು ನಮ್ಮ ಪಕ್ಕದ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28ರಂದು ಅಲ್ಲಿ ದಲಿತ ಕೇರಿಯ ಮೇಲೆ ದಾಳಿಯಾಯಿತು, ಗುಡಿಸಲಿಗೆ ಬೆಂಕಿ ಬಿತ್ತು. ಹೋಟೆಲು, ಕ್ಷೌರದಂಗಡಿಗೆ ದಲಿತರನ್ನು ಬಿಡದ ತಕರಾರು ಅದರ ಹಿಂದೆ ಇತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ, ಮೂವರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಪ್ರಕರಣ ಮೇಲ್ಮನವಿಯಲ್ಲಿ ಹೈಕೋರ್ಟಿಗೆ ಹೋಗಿದೆ, ಅದನ್ನು ನ್ಯಾಯಾಲಯಕ್ಕೆ ಬಿಡೋಣ. ನನ್ನನ್ನು ಕಾಡುವುದು ಆ ಸಂಖ್ಯೆ. ಒಬ್ಬಿಬ್ಬರಲ್ಲ, ಒಂದೇ ತೀರ್ಪಿನಲ್ಲಿ 101 ಜನ. ಊರಿಗೆ ಬೆಂಕಿ ಹಚ್ಚುವ ಮನಸ್ಸು ಒಬ್ಬೊಬ್ಬನಲ್ಲೇ ಹುಟ್ಟಿ ಅಷ್ಟು ಜನ ಕೂಡುವುದಿಲ್ಲ. ಗುಂಪು ಕೂಡಿದ ಮೇಲೆ ಪ್ರತಿಯೊಬ್ಬನೂ ಪಕ್ಕದವನನ್ನು ನೋಡುತ್ತಾನೆ. ಸುಟ್ಟಿದ್ದು ಯಾರದೋ ಮನೆ, ಆದರೆ ಜೈಲು ಮತ್ತು ಕೋರ್ಟಿನ ದಾರಿ ಕಾದದ್ದು ಎರಡೂ ಕಡೆಯ ತಾಯಂದಿರು.

ಹೋದ ತಿಂಗಳು ನಾನು ಆ ಗೆಳೆಯನ ಹತ್ತಿರ ಹೋದೆ. ಗೆಳೆಯ ಅನ್ನುವ ಹಕ್ಕು ನನಗಿಲ್ಲ, ಸಹಪಾಠಿ ಅನ್ನುತ್ತೇನೆ. ಐಟಿಐ ಮುಗಿಸಿ ಈಗ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟಿದ್ದಾರೆ. ಒಂದು ಎಂಜಿನ್ನಿನ ಕೆಳಗೆ ಮಲಗಿದ್ದರು. ಎಲ್ಲ ಹೇಳಿದೆ, ನೋಟ್‌ಬುಕ್ಕಿನ ರಟ್ಟಿನಿಂದ ಹಿಡಿದು. ಕೈ ಒರೆಸಿಕೊಳ್ಳುತ್ತಾ ಕೇಳಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದರು, "ನಮ್ಮವ್ವ ಸಾಯೋತನ ಒಂದ ಮಾತು ಕೇಳ್ತಿದ್ಲು, ತಗೊಂಡಿದ್ರ ಹೇಳಿಬಿಡಪ್ಪ ಅಂತ. ಅಕೀನೂ ನಂಬಿರಲಿಲ್ಲ."

ಇಷ್ಟು ವರ್ಷ ನನ್ನ ಲೆಕ್ಕದಲ್ಲಿ ಆ ತಪ್ಪಿನ ಅಳತೆ ಒಂದು ಪ್ರವಾಸ, ಒಂದು ಅಡ್ಡಹೆಸರು. ಒಬ್ಬ ತಾಯಿಯ ನಂಬಿಕೆ ಅದರಲ್ಲಿ ಇರಲಿಲ್ಲ.

ಶಾಲೆಯ ಕಾರ್ಯಕ್ರಮದಲ್ಲಿ ಇದನ್ನು ಹೇಳಲೇ ಎಂದು ಕೇಳಿದೆ. "ಹೇಳಿದ್ರ ನಿನಗ ಹಗುರ ಆಗತೈತಿ, ನನಗೇನೂ ಆಗಲ್ಲ" ಅಂದರು. ಸ್ವಲ್ಪ ತಡೆದು, "ಆದ್ರೂ ಹೇಳು. ನನ್ನ ಹೆಸರ ತಗೀಬ್ಯಾಡ, ನಿನ್ನ ಹೆಸರ ಹಾಕು. ನನ್ನ ಮಗಳು ಈಗ ಅದ ಸಾಲ್ಯಾಗ ಎಂಟನೇತ್ತ ಅದಾಳ. ಅಕೀ ಕ್ಲಾಸಿನ್ಯಾಗ ಯಾರೂ ಹಂಗ ಕೈ ಎತ್ತಬಾರದು" ಅಂದರು. ಚಹಾ ತರಿಸಿದರು. ಇಬ್ಬರೂ ಒಂದೇ ಥರದ ಗ್ಲಾಸಿನಲ್ಲಿ ಕುಡಿದೆವು. ಶಾಲೆಯ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಒಳಗೆ ಕೂತು ಮಂಡಾಳ ಒಗ್ಗರಣಿ ತಿನ್ನುವಾಗ ಅವರು ಹೊರಗೆ ನಿಂತು, ಗೋಡೆಯ ಗೂಡಿನಲ್ಲಿದ್ದ ಬೇರೆ ಗ್ಲಾಸು ತಗೊಂಡು, ಕುಡಿದು, ತಾವೇ ತೊಳೆದಿಡುತ್ತಿದ್ದರು. ಆಗಲೂ ನಾನು ನೋಡಿ ಸುಮ್ಮನಿದ್ದೆ. ಕೈ ಎತ್ತುವುದಕ್ಕಿಂತ ಮುಂಚೆಯೇ ನಾನು ಸುಮ್ಮನಿರುವುದನ್ನು ಕಲಿತಿದ್ದೆ.

ಆದ್ದರಿಂದ ಗುರುಗಳ ಮುಂದೆ, ಊರಿನ ಮುಂದೆ, ಈ ಮಕ್ಕಳ ಮುಂದೆ ಹೇಳುತ್ತೇನೆ. ಆ 600 ರೂಪಾಯಿ ಯಾರೂ ಕದ್ದಿರಲಿಲ್ಲ. ಅದು ನನ್ನ ಪುಸ್ತಕದಲ್ಲಿತ್ತು. ಗೊತ್ತಾದ ಮೇಲೂ ಸುಳ್ಳು ಹೇಳಿದವನು ನಾನು. ನಮ್ಮ ಬ್ಯಾಚಿನವರು ಇಲ್ಲಿ ಹಲವರಿದ್ದೀರಿ. ಆ ಅಡ್ಡಹೆಸರು ನಿಮ್ಮ ಬಾಯಲ್ಲಿ ಇನ್ನೂ ಉಳಿದಿದ್ದರೆ ಇವತ್ತು ಇಲ್ಲೇ ಬಿಟ್ಟು ಹೋಗಿ. ಅಂದು ಕೈ ಎತ್ತದ ಆ ಸಹೋದರಿ ಈಗ ಲಿಂಗಸುಗೂರು ಕಡೆಯ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಇವತ್ತು ಬಂದಿದ್ದಾರೆ ಎಂದು ಕೇಳಿದೆ. ನಮ್ಮ ಬ್ಯಾಚಿನಲ್ಲಿ ಇಂಜಿನಿಯರ್ ಆದವರಿದ್ದೇವೆ, ಮಾಸ್ತರರಾದವರಿದ್ದಾರೆ. ಆ ದಿನ ಪಾಸಾದವರು ಅವರೊಬ್ಬರೇ.

ಮಕ್ಕಳೇ, ನಮ್ಮ ಗುರುಗಳು ನಮ್ಮನ್ನು ನಡೆಸಿಕೊಂಡು ಹೋಗಿ ಮಸ್ಕಿಯ ಗುಡ್ಡದ ಅಶೋಕನ ಶಾಸನ ತೋರಿಸಿದ್ದರು. ನಿಮಗೂ ತೋರಿಸಿರುತ್ತಾರೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಅದನ್ನು ಕಂಡುಹಿಡಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಇತ್ತು, ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆಯಲ್ಲಿ. ಪರೀಕ್ಷೆಗೆ ನಾವು ಇಷ್ಟನ್ನು ಬರೆಯುತ್ತೇವೆ, ಅಂಕ ಬರುತ್ತದೆ. ಆ ಬಂಡೆ ಏನು ಹೇಳುತ್ತದೆ ಎಂದು ಯಾರೂ ಕೇಳುವುದಿಲ್ಲ. ದೊಡ್ಡವರು ಮಾತ್ರ ಮೇಲೇರಬಲ್ಲರು ಎಂದು ತಿಳಿಯಬೇಡಿ, ಸಣ್ಣವರೂ ಧರ್ಮದಿಂದ ನಡೆದರೆ ಅಲ್ಲಿಗೆ ಮುಟ್ಟಬಲ್ಲರು, ಇದನ್ನು ಇಬ್ಬರಿಗೂ ತಿಳಿಸಿರಿ ಎನ್ನುವುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಮುಂಚೆ ನಮ್ಮೂರ ಕಲ್ಲಿನ ಮೇಲೆ ಬರೆದಿಟ್ಟ ಮಾತು ನಮ್ಮ ಓಣಿಗಳಿಗೆ ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ. ಅದೇ ರಾಜ ಬೇರೆ ಕಡೆಯ ಶಾಸನದಲ್ಲಿ ಕಳಿಂಗ ಯುದ್ಧದಲ್ಲಿ ತಾನು ಮಾಡಿದ್ದಕ್ಕೆ ದುಃಖಪಟ್ಟಿದ್ದೇನೆ ಎಂದು ಕಲ್ಲಿನ ಮೇಲೆ ಕೆತ್ತಿಸಿದ. ಗೆದ್ದ ರಾಜರ ರೂಢಿ ಅದಲ್ಲ. ಅಷ್ಟು ದೊಡ್ಡ ರಾಜ ಹೇಳಬಹುದಾದರೆ ಒಬ್ಬ ಮಾನಿಟರ್ ಹೇಳಲು ಏನು ಅಡ್ಡಿ? ತಡವಾಯಿತು, ಅಷ್ಟೇ.

ಮೂರು ಮಾತು ಹೇಳಿ ಮುಗಿಸುತ್ತೇನೆ.

ಗುರುಗಳಲ್ಲಿ ಒಂದು ವಿನಂತಿ. ತರಗತಿಯಲ್ಲಿ ಏನಾದರೂ ಕಳೆದರೆ ಹುಡುಗರನ್ನೇ ಪಂಚರನ್ನಾಗಿ ಕೂಡಿಸಲು ಬಿಡಬೇಡಿ. ಒಬ್ಬೊಬ್ಬರನ್ನೇ ಕರೆದು ಕೇಳಿ. ಗುಂಪಿನಲ್ಲಿ ಹೇಳದ ನಿಜವನ್ನು ಮಗು ಒಬ್ಬರೇ ಇದ್ದಾಗ ಹೇಳುತ್ತದೆ. ಅಂದು ನನ್ನನ್ನು ಯಾರಾದರೂ ಒಬ್ಬನನ್ನೇ ಕರೆದು ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

ಹಿರಿಯರಲ್ಲಿ ಒಂದು ವಿನಂತಿ. ಇವತ್ತು ಮಧ್ಯಾಹ್ನ ಈ ಅಂಗಳದಲ್ಲಿ ಎಲ್ಲ ಓಣಿಯವರೂ ಒಂದೇ ಪಂಕ್ತಿಯಲ್ಲಿ ಕೂತು ಹುಗ್ಗಿ ಊಟ ಮಾಡುತ್ತೇವೆ. ಶಾಲೆಯ ಕಂಪೌಂಡಿನಲ್ಲಿ ಆಗುವುದು ಬಸ್‌ಸ್ಟ್ಯಾಂಡಿನಲ್ಲೂ ಆಗಲಿ. ಅದಕ್ಕೆ ಕಾನೂನು ಬಂದು ಎಷ್ಟೋ ವರ್ಷ ಆಯಿತು. ಈಗ ರೂಢಿ ಬರಬೇಕು. ರೂಢಿ ತರುವುದು ಸರ್ಕಾರದ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ.

ಮಕ್ಕಳಿಗೆ ಒಂದೇ ಮಾತು. ಎಲ್ಲರ ಕೈ ಎದ್ದಾಗ ನಿಮ್ಮ ಕೈಯನ್ನು ಒಂದು ಕ್ಷಣ ತಡೆಯಿರಿ. ಆ ಅಕ್ಕ ಕೇಳಿದ್ದನ್ನೇ ನಿಮ್ಮನ್ನು ನೀವು ಕೇಳಿಕೊಳ್ಳಿ, ನಾನು ನೋಡಿದ್ದೇನೆಯೇ? ನೋಡಿಲ್ಲದಿದ್ದರೆ ಕೈ ಕೆಳಗೇ ಇರಲಿ. ಮಂದಿ ನಗುತ್ತಾರೆ, ನಗಲಿ. ಹಿಂದಿನ ಬೆಂಚಿನಲ್ಲಿ ಒಬ್ಬರು ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ.